ಕನ್ವರ್ಷನ್ ಆಗಿದೆ, ಆದರೂ ಕಟ್ಟಡದ ಅರ್ಜಿ ವಾಪಸ್ ಬಂತು. ವಲಯ ಬದಲಾವಣೆಗೆ ಎಲ್ಲಿಂದ ಶುರು ಮಾಡಬೇಕು?

ಕಾವೂರು_18ಸೆಂಟ್ಸ್

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಕಾವೂರಿನಲ್ಲಿ ತಂದೆಯ ಹೆಸರಲ್ಲಿ 18 ಸೆಂಟ್ಸ್ ಜಾಗ ಉಂಟು. ಹಿಂದೆ ಹಳೆ ಮನೆ, ಎದುರು ಖಾಲಿ. ಮನೆ ಕಟ್ಟುವಾಗಲೇ ಕನ್ವರ್ಷನ್ ಆಗಿದೆ. ಎದುರಿಗೆ ಬೈಕ್ ಗ್ಯಾರೇಜ್, ಮೇಲೆ ಎರಡು ಅಂಗಡಿ ಕೋಣೆ ಕಟ್ಟುವ ಅಂತ ಪ್ಲಾನ್ ಮಾಡಿಸಿ ಅರ್ಜಿ ಹಾಕಿದೆವು. "ವಾಸದ ವಲಯ, ಅವಕಾಶವಿಲ್ಲ" ಅಂತ ಒಂದು ಸಾಲು ಬರೆದು ವಾಪಸ್ ಕಳಿಸಿದ್ದಾರೆ. ಅರ್ಜಿ ಹಾಕಿಸಿದ ಏಜೆಂಟ್ "ಕನ್ವರ್ಷನ್ ಇದ್ರೆ ಸಾಕು, ಮತ್ತೆಂತ ಬೇಡ" ಅಂದಿದ್ದರು. ಈಗ ಫೋನ್ ಎತ್ತುತ್ತಿಲ್ಲ.

ನೆಟ್‌ನಲ್ಲಿ ಹುಡುಕಿದರೆ ಬರೀ ಅಮೆರಿಕದ ವಿಷಯ. ಅಲ್ಲಿ ಸಾರ್ವಜನಿಕ ಸಭೆ, ಮಾಲೀಕ ಎದ್ದು ನಿಂತು ಮಾತಾಡಬೇಕು, ನೆರೆಯವರೂ ಮಾತಾಡ್ತಾರೆ, ಆಮೇಲೆ ಮತ ಹಾಕ್ತಾರೆ. ನಮ್ಮಲ್ಲೂ ಪಾಲಿಕೆ ಸಭೆಗೆ ಹೋಗಿ ಮಾತಾಡಬೇಕಾ? ನನಗೆ ಮೈಕ್ ಕಂಡರೆ ಕೈಕಾಲು ನಡುಗುತ್ತದೆ.

ಸ್ಕೆಚ್ಚಿನವ

ಮೈಕ್ ಬೇಡ ಮಾರಾಯ್ರೆ, ಆರಾಮಾಗಿರಿ. ಇಪ್ಪತ್ತು ವರ್ಷದಿಂದ ಪ್ಲಾನ್ ಬರೆಯುತ್ತಿದ್ದೇನೆ. ನಿಮ್ಮ ಹಾಗೆ ಸಿಕ್ಕಿಬಿದ್ದವರು ವರ್ಷಕ್ಕೆ ನಾಲ್ಕೈದು ಮಂದಿ ಬರುತ್ತಾರೆ.

ಕನ್ವರ್ಷನ್ ಬೇರೆ, ವಲಯ ಬೇರೆ. ಕೃಷಿ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿ ಕೊಡುವ ಅನುಮತಿ ಕನ್ವರ್ಷನ್. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ. ವಲಯ ಅಂದರೆ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಹಾಕಿದ ಬಣ್ಣ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ, ನಮ್ಮಲ್ಲಿ ನೋಡುವುದು ಮುಡಾ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ. ಒಂದು ಇದ್ದರೆ ಇನ್ನೊಂದು ಇದ್ದ ಹಾಗೆ ಆಗುವುದಿಲ್ಲ. ಹಳೆ ಕನ್ವರ್ಷನ್ ಆದೇಶ ತೆಗೆದು ಓದಿ, ಉದ್ದೇಶ 'ವಾಸ' ಅಂತಲೇ ಇರುತ್ತದೆ.

ವಲಯ ಬದಲಾವಣೆಗೆ ಓಡುವ ಮುಂಚೆ ಒಂದು ಕೆಲಸ ಮಾಡಿ. ಸರ್ವೆ ನಂಬರ್, ಹಿಸ್ಸಾ ಹಾಕಿ ಮುಡಾದಿಂದ ವಲಯದ ದೃಢೀಕರಣ ತೆಗೆಯಿರಿ. ರಸ್ತೆ ಅಗಲೀಕರಣದ ಗೆರೆ ನಿಮ್ಮ ಜಾಗದ ಒಳಗೆ ಎಷ್ಟು ಬಂದಿದೆ ಅಂತಲೂ ಕೇಳಿ. ಮತ್ತೆ, ವಾಸದ ವಲಯದಲ್ಲೂ ಸಣ್ಣ ಅಂಗಡಿಯಂಥ ಕೆಲವಕ್ಕೆ ಅವಕಾಶ ಉಂಟು. ಎದುರಿನ ರಸ್ತೆಯ ಅಗಲ ನೋಡಿ ಕೊಡುತ್ತಾರೆ. ಬರೀ ಅಂಗಡಿ ಆದರೆ ನಿಮಗೆ ವಲಯ ಬದಲಾವಣೆಯೇ ಬೇಡ ಅಂತ ಆಗಬಹುದು. ಗ್ಯಾರೇಜ್ ಬೇಕೇ ಬೇಕಾ?

ಕಾವೂರು_18ಸೆಂಟ್ಸ್

ಬೇಕು ಸರ್. ತಮ್ಮ ಮೆಕ್ಯಾನಿಕ್, ಈಗ ಬಾಡಿಗೆ ಜಾಗದಲ್ಲಿದ್ದಾನೆ. ಅವನಿಗಾಗಿಯೇ ಇದೆಲ್ಲ.

ಸ್ಕೆಚ್ಚಿನವ

ಹಾಗಾದರೆ 14ಎ. ಅದೇ ಯೋಜನಾ ಕಾಯ್ದೆಯ ಕಲಂ. ಮಾಸ್ಟರ್ ಪ್ಲಾನ್ ಜಾರಿಗೆ ಬಂದ ಮೇಲೆ ಒಂದು ಜಾಗದ ಬಳಕೆ ಬದಲಿಸಬೇಕಾದರೆ ಈ ದಾರಿ. ಅರ್ಜಿ ಮುಡಾಕ್ಕೆ. ಆದರೆ ಮುಡಾ ಒಂದೇ ತೀರ್ಮಾನ ಮಾಡುವ ಹಾಗಿಲ್ಲ, ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ಅಂದರೆ ಫೈಲ್ ಬೆಂಗಳೂರಿಗೆ ಹೋಗಿ ಬರಬೇಕು. ತಾಳ್ಮೆ ಇಟ್ಟುಕೊಳ್ಳಿ.

ಕಾಯ್ದೆ ಕೇಳುವುದು ಇಷ್ಟು. ಬದಲಾವಣೆಗೆ ಕಾರಣ ಇರಬೇಕು: ನಕ್ಷೆಯಲ್ಲಿ ತಪ್ಪು ಅಥವಾ ಬಿಟ್ಟುಹೋದದ್ದು, ಇಲ್ಲವೇ ಪ್ಲಾನ್ ಆದ ಮೇಲೆ ಪರಿಸ್ಥಿತಿ ಬದಲಾದದ್ದು. ಸಾರ್ವಜನಿಕ ಹಿತಕ್ಕೆ ಹೊಂದಬೇಕು. ಬೇರೆ ಕಾನೂನಿಗೆ ವಿರುದ್ಧ ಆಗಬಾರದು. ಕೊನೆಯದ್ದು ನೀವು ಕೇಳಿದ ವಿಷಯ. ಈ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರಿಂದ ಆಕ್ಷೇಪಣೆ ಕೇಳಬೇಕು, ಕಡಿಮೆ ಅಂದರೂ 15 ದಿನ. ಅಮೆರಿಕದ ಆ ಸಭೆಯ ಜಾಗದಲ್ಲಿ ನಮಗೆ ಇರುವುದು ಈ ಪ್ರಕಟಣೆ.

ಜಾಸ್ತಿ ಮಂದಿ ಎಡವುವುದು 'ಸಾರ್ವಜನಿಕ ಹಿತ' ಅನ್ನುವ ಕಡೆ. "ನಮ್ಮ ಕುಟುಂಬಕ್ಕೆ ಆದಾಯ ಬೇಕು" ಅಂತ ಬರೆದರೆ ಅದು ನಿಮ್ಮ ಹಿತ ಮಾತ್ರ. ನಿಮ್ಮ ರಸ್ತೆಯಲ್ಲಿ ಈಗಾಗಲೇ ಎಷ್ಟು ಅಂಗಡಿ ಉಂಟು, ರಸ್ತೆ ಎಷ್ಟು ಅಗಲ, ಪಾರ್ಕಿಂಗ್ ಒಳಗೇ ಆಗುತ್ತದಾ, ಮಳೆನೀರು ಎಲ್ಲಿಗೆ ಹೋಗುತ್ತದೆ, ಇದನ್ನು ಬರೆಯಿರಿ. ಫೋಟೊ ಇಡಿ. ಅಳತೆ ಚದರ ಮೀಟರಿನಲ್ಲೂ ಹಾಕಿ, 18 ಸೆಂಟ್ಸ್ ಅಂದರೆ ಸುಮಾರು 728.

ಒಪ್ಪಿಗೆ ಆದರೂ ಪುಕ್ಕಟೆ ಅಲ್ಲ. 18ನೇ ಕಲಂ ಪ್ರಕಾರ ಬಳಕೆ ಬದಲಾವಣೆಗೆ ಶುಲ್ಕ ಕಟ್ಟಬೇಕು.

ಉಡುಪಿ_ಅಕ್ಕ

ಎರಡು ಮಾತು ಸೇರಿಸುತ್ತೇನೆ. ನಿಮ್ಮ 18 ಸೆಂಟ್ಸಿನಲ್ಲಿ ಹಿಂದಿನ ಕುಮ್ಕಿ ಸೇರಿದೆಯಾ ನೋಡಿ. ನಮ್ಮ ಕಡೆ ಬೇಲಿ ಹಾಕಿ ಮೂರು ತಲೆಮಾರು ಆಗಿರುತ್ತದೆ, ನಮ್ಮದೇ ಅಂತ ಮನಸ್ಸಲ್ಲಿ ಕೂತುಬಿಡುತ್ತದೆ. ಆದರೆ ಕುಮ್ಕಿ ಸರ್ಕಾರಿ ಜಾಗ, ಸೊಪ್ಪು ಸೌದೆಗೆ ಇದ್ದ ಸವಲತ್ತು ಅಷ್ಟೇ. ಪಹಣಿಯಲ್ಲಿ ಇರುವಷ್ಟನ್ನು ಮಾತ್ರ ಅರ್ಜಿಗೆ ಹಾಕಿ.

ಇನ್ನೊಂದು, ಪ್ರಕಟಣೆಯಲ್ಲಿ ಹೋಗುವ ವಿವರವನ್ನು ಹತ್ತು ಸಲ ಓದಿ. ನಮ್ಮದರಲ್ಲಿ ಹಿಸ್ಸಾ 2ಎ ಅಂತ ಆಗಬೇಕಾದದ್ದನ್ನು 2ಬಿ ಅಂತ ಬರೆದು ಕೊಟ್ಟದ್ದು ನಾನೇ. ಕನ್ನಡಕ ಹಾಕಿರಲಿಲ್ಲ. ಪಕ್ಕದ ಮನೆಯವರು "ನಮ್ಮ ಜಾಗಕ್ಕೆ ಎಂತ ಮಾಡ್ತಿದ್ದೀರಿ?" ಅಂತ ಪೇಪರ್ ಹಿಡಿದುಕೊಂಡೇ ಅಂಗಳಕ್ಕೆ ಬಂದರು. ಮತ್ತೆ ಹೊಸ ಪ್ರಕಟಣೆ, ಮತ್ತೆ 15 ದಿನ.

ಹೊಳೆಬದಿ

ನಡುವೆ ಒಂದು ಪ್ರಶ್ನೆ. ನಮ್ಮದು ಕೂಳೂರು ಹೊಳೆ ಹತ್ತಿರ. 14ಎ ಆದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿರ್ಬಂಧ ಕೂಡ ಹೋಗುತ್ತದಾ?

ಸ್ಕೆಚ್ಚಿನವ

ಇಲ್ಲ. ಸಿಆರ್‌ಝಡ್ ಕೇಂದ್ರದ ಪರಿಸರ ಕಾಯ್ದೆಯ ಕೆಳಗೆ ಬರುವ ಅಧಿಸೂಚನೆ. ಮುಡಾ ಬಣ್ಣ ಬದಲಿಸಿದರೂ ಅದು ಅಲ್ಲೇ ಇರುತ್ತದೆ. ನಿಮ್ಮದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೆರೆಸುವುದು ಬೇಡ.

ಕಾವೂರಿನವರೇ, ನಿಮಗೆ ಇನ್ನೊಂದು. ಪೇಪರಿನಲ್ಲಿ ಬರುವ ಮುಂಚೆ ನೆರೆಮನೆಗಳಿಗೆ ನೀವೇ ಹೋಗಿ ಹೇಳಿ. ಹದಿನೈದು ದಿನ ಅವರ ಕೈಯಲ್ಲಿ ಇರುತ್ತದೆ. ಮೊದಲ ಸುದ್ದಿ ಪೇಪರಿನಿಂದ ಸಿಕ್ಕಿದರೆ ಸಿಟ್ಟಿನಲ್ಲೇ ಬರೆಯುತ್ತಾರೆ. ನನ್ನ ಅನುಭವದಲ್ಲಿ ಆಕ್ಷೇಪಣೆಯಲ್ಲಿ ಅರ್ಧಕ್ಕರ್ಧ "ನಮಗೆ ಹೇಳಲೇ ಇಲ್ಲ" ಅನ್ನುವ ಬೇಜಾರು.

ಕಾವೂರು_18ಸೆಂಟ್ಸ್ (ಕೆಲವು ತಿಂಗಳ ನಂತರ)

ಅಪ್‌ಡೇಟ್ ಕೊಡಲು ತಡವಾಯಿತು, ಕ್ಷಮಿಸಿ. ವಲಯದ ದೃಢೀಕರಣ ತೆಗೆದೆ. ಪೂರ್ತಿ ವಾಸದ ವಲಯವೇ. ಕುಮ್ಕಿ ಇರಲಿಲ್ಲ, ಬಚಾವ್.

ಪ್ರಕಟಣೆಗೆ ಮುಂಚೆ ಐದು ಮನೆಗೆ ಹೋದೆ. ನಾಲ್ಕು ಮನೆಯವರು ಚಾ ಕೊಟ್ಟು ಕಳಿಸಿದರು. ಐದನೇ ಮನೆಯ ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ. "ನಿಮ್ಮ ಆಯಿಲ್ ನಮ್ಮ ಬಾವಿಗೆ ಇಳಿದರೆ ಯಾರು ಕೇಳುವವರು?" ಅಂದರು. ಲಿಖಿತ ಆಕ್ಷೇಪಣೆಯನ್ನೂ ಕೊಟ್ಟರು. ಮೊದಲು ಬೇಸರ ಆಯಿತು. ಆಮೇಲೆ ನೋಡಿದರೆ ನಮ್ಮ ಜಾಗ ಎತ್ತರದಲ್ಲಿ, ಅವರ ಬಾವಿ ತಗ್ಗಿನಲ್ಲಿ. ಮುರಕಲ್ಲಿನ ನೆಲ, ನೀರು ಬೇಗ ಇಳಿಯುತ್ತದೆ. ಅವರು ಹೇಳಿದ್ದು ಸರಿಯೇ ಅಲ್ವಾ?

ಈಗ ಪ್ಲಾನಿನಲ್ಲಿ ಗ್ಯಾರೇಜನ್ನು ಅವರ ಗಡಿಯಿಂದ ಆಚೆ ಬದಿಗೆ ಹಾಕಿದ್ದೇವೆ. ನೆಲಕ್ಕೆ ಕಾಂಕ್ರೀಟ್, ತೊಳೆದ ನೀರಿಗೆ ಎಣ್ಣೆ ಬೇರೆಯಾಗುವ ಗುಂಡಿ, ಹಳೆ ಆಯಿಲ್ ಡ್ರಮ್ಮಿಗೆ. ಇದನ್ನೇ ಉತ್ತರವಾಗಿ ಬರೆದು, ಹೊಸ ನಕ್ಷೆ ಸೇರಿಸಿ ಕೊಟ್ಟೆ. ಫೈಲ್ ಬೆಂಗಳೂರಿಗೆ ಹೋಗಿದೆಯಂತೆ. ಇನ್ನು ಕಾಯುವುದೇ ಕೆಲಸ. ಅಷ್ಟರಲ್ಲಿ ಕಟ್ಟಡದ ಅಡಿಪಾಯ ಶುರು ಮಾಡಬಹುದಾ?

ಸ್ಕೆಚ್ಚಿನವ

ಒಂದು ಕಲ್ಲೂ ಇಡಬೇಡಿ. 14ಎ ಆದೇಶ ಕೈಗೆ ಬರಬೇಕು, ಶುಲ್ಕ ಕಟ್ಟಬೇಕು, ಕನ್ವರ್ಷನ್ ಆದೇಶದ ಉದ್ದೇಶ ಸರಿ ಮಾಡಿಸಬೇಕು, ಆಮೇಲೆ ಪಾಲಿಕೆಯ ಲೈಸೆನ್ಸ್. ಗುಂಡಿಯ ಉಪಾಯ ಚೆನ್ನಾಗಿದೆ, ಆ ಉತ್ತರಕ್ಕೆ ಸ್ವೀಕೃತಿ ಸೀಲ್ ಹಾಕಿಸಿದ್ದೀರಿ ತಾನೆ?

ಕಾವೂರು_18ಸೆಂಟ್ಸ್

ಸೀಲ್ ಉಂಟು. ಪೇಪರ್ ಕಟಿಂಗ್ ಕೂಡ ಇಟ್ಟಿದ್ದೇನೆ.

ಉಡುಪಿ_ಅಕ್ಕ

ಕಟಿಂಗ್ ಮಾತ್ರ ಸಾಲದು, ಇಡೀ ಪುಟ ಇಟ್ಟುಕೊಳ್ಳಿ. ಮೇಲೆ ತಾರೀಕು ಕಾಣಬೇಕು.