ಹೊಳೆ ದಂಡೆಯ ಕಲ್ಲುಮನೆಯಲ್ಲಿ ತವರ ಕರಗಿಸುತ್ತಿದ್ದರಾ? ನಮ್ಮ ಬಾಣೆಯ ಕಿಟ್ಟವೂ ಅದೇನಾ?

ಶಾಂತಳ್ಳಿ ತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಶಾಂತಳ್ಳಿ ಕಡೆ, ಪುಷ್ಪಗಿರಿ ಸಾಲಿನ ಬುಡದಲ್ಲಿ. ಮಗ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಕೆಲಸದಲ್ಲಿದ್ದಾನೆ. ಮೊನ್ನೆ ಡಾರ್ಟ್‌ಮೂರ್ ಅನ್ನೋ ಹುಲ್ಲುಗುಡ್ಡದ ಸೀಮೆಗೆ ನಡೆಯೋಕೆ ಹೋಗಿದ್ದ. ಅಲ್ಲಿಂದ ಫೋಟೋ ಕಳಿಸಿದ. ಮೆರಿವೇಲ್ ಹತ್ತಿರ ವಾಕಮ್ ಅನ್ನೋ ಹೊಳೆ ಪಕ್ಕದಲ್ಲಿ ಸೂರಿಲ್ಲದ ಒಂದು ಕಲ್ಲುಮನೆ. ಗೋಡೆ ಸೊಂಟದೆತ್ತರ ಉಳಿದಿದೆ, ಒಳಗೆಲ್ಲ ಹುಲ್ಲು. ಅಲ್ಲೇ ಒಂದು ದೊಡ್ಡ ಕಲ್ಲು, ಅದರಲ್ಲಿ ಚೌಕಾಕಾರದ ಗುಂಡಿ ಕೊರೆದಿದ್ದಾರೆ. ಥೇಟ್ ನಮ್ಮಲ್ಲಿ ಹಂದಿಗೆ ಗಂಜಿ ಸುರಿಯೋ ಬಾನಿ. ಮಗ ಹೇಳಿದ, "ಅಲ್ಲಮ್ಮ, ಇಲ್ಲಿ ತವರ ಕರಗಿಸುತ್ತಿದ್ದರಂತೆ." ಅಷ್ಟು ಸಣ್ಣ ಮನೆಯಲ್ಲಾ?

ನಾನು ಕೇಳೋಕೆ ಇನ್ನೊಂದು ಕಾರಣ ಇದೆ. ನಮ್ಮ ಬಾಣೆಯ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗದ, ಮೇಲ್ತುದಿಯಲ್ಲಿ, ಹುಲ್ಲು ಶುರುವಾಗೋ ಕಡೆ, ಮಳೆಗಾಲ ಕಳೆದ ಮೇಲೆ ಕಪ್ಪು ಉಂಡೆಗಳು ಮಣ್ಣಿಂದ ಮೇಲೆ ಬರುತ್ತವೆ. ಒಳ್ಳೆ ಭಾರ. ಮೈಯೆಲ್ಲ ಸಣ್ಣ ಸಣ್ಣ ತೂತು. ಅದಿರು ಕರಗಿಸಿದಾಗ ಉಳಿಯೋ ಕಸ, ಕಿಟ್ಟ ಅಂತಾರಲ್ಲ, ಹಾಗೆ ಕಾಣುತ್ತೆ. ಪಕ್ಕದಲ್ಲೇ ಉದ್ದಕ್ಕೆ ತೋಡಿದ ಹಳೇ ಹಳ್ಳವೂ ಇದೆ, ಕುಸಿದ ಕಲ್ಲುಕಟ್ಟೆಯೂ ಇದೆ. ಇಲ್ಲೂ ತವರ ಕರಗಿಸಿದ್ದರಾ? ಬೇಲಿ ಹಾಕಲು ಜೆಸಿಬಿ ಹೇಳಿಟ್ಟಿದ್ದೇವೆ. ಅದು ಬರೋ ಮುಂಚೆ ಗೊತ್ತಾದರೆ ಒಳ್ಳೆಯದು.

ಮಡಿಕೇರಿ ಸಿಸ್ಟರ್

ಅಕ್ಕ, ನಿಮ್ಮ ಮಗ ಹೇಳಿದ್ದು ಸರಿ. ನಾನು ಟ್ಯಾವಿಸ್ಟಾಕ್‌ನಲ್ಲಿ ಬಹಳ ವರ್ಷ ನರ್ಸ್ ಆಗಿದ್ದೆ. ಮೆರಿವೇಲ್ ಅಲ್ಲಿಗೆ ಹತ್ತಿರ. ನೈಟ್ ಡ್ಯೂಟಿ ಮುಗಿಸಿ ಮಲಗೋ ಬದಲು ಬೂಟು ಹಾಕಿಕೊಂಡು ಆ ಹೊಳೆ ಕಡೆ ಹೊರಟುಬಿಡುತ್ತಿದ್ದೆ. ಆ ದಂಡೆಯಲ್ಲಿ ಅಂಥ ಮನೆ ಮೂರಿವೆ, ಮೇಲೊಂದು, ನಡುವೆ ಒಂದು, ಕೆಳಗೊಂದು. ಅಲ್ಲಿಯವರು ಬ್ಲೋಯಿಂಗ್ ಹೌಸ್ ಅಂತಾರೆ, ತಿದಿ ಊದುವ ಮನೆ. ಮೇಲಿನದನ್ನು 1990ರ ದಶಕದಲ್ಲಿ ಅಗೆದು ಅಧ್ಯಯನ ಮಾಡಿದ್ದಾರೆ.

ಇಂಥ ಜಾಗಕ್ಕೆ ಹೋದರೆ ಗೋಡೆ ನೋಡುತ್ತಾ ನಿಲ್ಲಬಾರದು. ದನದ ದೊಡ್ಡಿಯ ಗೋಡೆಯೂ ಹಾಗೇ ಇರುತ್ತೆ. ಬಿದ್ದಿರೋ ಕಲ್ಲು ನೋಡಬೇಕು, ನೀರು ಎಲ್ಲಿಂದ ಬಂತು ನೋಡಬೇಕು. ಕೆಲಸ ಏನು ನಡೆದಿತ್ತು ಅನ್ನೋದು ಅವೆರಡರಲ್ಲೇ ಇದೆ.

ಹೊಳೆಯ ಮೇಲ್ಗಡೆಯಿಂದ ಸಣ್ಣ ಕಾಲುವೆ ತೆಗೆದು, ಗುಡ್ಡದ ಮೈ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ತಂದು ನೀರುಚಕ್ರಕ್ಕೆ ಬಿಡುತ್ತಿದ್ದರು. ಚಕ್ರ ತಿದಿ ಒತ್ತುತ್ತಿತ್ತು. ಕೆಲವು ಕಡೆ ಅದಿರು ಕುಟ್ಟೋ ಒನಕೆಗಳನ್ನೂ ನೀರೇ ಎತ್ತಿ ಬಿಡುತ್ತಿತ್ತು. ಕಬ್ಬಿಣದ ತಲೆಯ ಒನಕೆ ಅದೇ ಜಾಗಕ್ಕೆ ಬಿದ್ದು ಬಿದ್ದು ಅಡಿಗಲ್ಲಿನಲ್ಲಿ ಜೋಡಿ ಗುಂಡಿ ಬೀಳುತ್ತಿತ್ತು. ಗುಂಡಿ ಜಾಸ್ತಿ ಆಳವಾದರೆ ಕಲ್ಲನ್ನು ಮಗುಚಿ ಇನ್ನೊಂದು ಮೈಯಲ್ಲಿ ಕುಟ್ಟುತ್ತಿದ್ದರು. ಅದಕ್ಕೇ ಕೆಲವು ಕಲ್ಲಿಗೆ ಎರಡೂ ಕಡೆ ಗುಂಡಿ. ಕೈ ಇಟ್ಟರೆ ಅಂಚಿನಲ್ಲಿ ಗ್ರಾನೈಟು ಚುಚ್ಚುತ್ತೆ, ಗುಂಡಿಯೊಳಗೆ ಬೆರಳು ಜಾರುತ್ತೆ. ಆ ನುಣುಪು ಪೂರ್ತಿ ಕೆಲಸದಿಂದ ಬಂದದ್ದು. ಮೆರಿವೇಲ್‌ಗೆ ಬರೋ ಜನ ರಸ್ತೆ ಪಕ್ಕದ ಕಂಚಿನ ಯುಗದ ಕಲ್ಲಿನ ಸಾಲು ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಹೊಳೆ ಕಡೆ ಇಳಿಯೋರು ಕಮ್ಮಿ. ನನಗೆ ಮಾತ್ರ ಈ ಗುಂಡಿಕಲ್ಲುಗಳೇ ಹೆಚ್ಚು.

ಅದಿರು ಹೊಳೆಯ ಜಲ್ಲಿಯಲ್ಲೇ ಸಿಗುತ್ತಿತ್ತು. ಹೆಸರು ಕ್ಯಾಸಿಟರೈಟ್. ತವರಕ್ಕೆ ಆಮ್ಲಜನಕ ಸೇರಿಕೊಂಡ ಖನಿಜ. ತೂಕ ಜಾಸ್ತಿ, ಹಾಗಾಗಿ ನೀರಿನಲ್ಲಿ ತೊಳೆದರೆ ಮರಳು ಹೋಗಿ ಅದು ಉಳಿಯುತ್ತೆ. ಅದನ್ನೂ ಇದ್ದಿಲನ್ನೂ ಕಲ್ಲಿನ ಒಲೆಗೆ ಸುರಿದು ಗಾಳಿ ಊದಿದರೆ, ಇದ್ದಿಲು ಆಮ್ಲಜನಕವನ್ನು ಎಳೆದುಕೊಂಡು ತವರ ಬಿಟ್ಟುಕೊಡುತ್ತೆ. ಅದಕ್ಕೆ ಸಾವಿರ ಡಿಗ್ರಿ ಮೀರಿದ ಕಾವು ಬೇಕು. ಆ ಬಯಲಲ್ಲಿ ಮರ ಕಮ್ಮಿ. ಆದರೆ ಜೌಗಿನಲ್ಲಿ ಪೀಟ್ ಅನ್ನೋ ಕರಿಮಣ್ಣಿದೆ, ಪೂರ್ತಿ ಕೊಳೆಯದೆ ಉಳಿದ ಪಾಚಿ, ಬೇರು ಎಲ್ಲ. ಅದನ್ನು ಕಡಿದು, ಒಣಗಿಸಿ, ಮುಚ್ಚಿ ಸುಟ್ಟು ಇದ್ದಿಲು ಮಾಡುತ್ತಿದ್ದರು.

ಈಗ ನಿಮ್ಮ ಬಾನಿಗೆ ಬರೋಣ. ತವರ ಬರೀ 232 ಡಿಗ್ರಿಗೆ ಕರಗುತ್ತೆ. ಮನೆಗೆ ಕಲಾಯಿಯವರು ಬಂದಾಗ ನೋಡಿದ್ದೀರಲ್ವಾ? ಕಾದ ಪಾತ್ರೆಗೆ ನವಸಾಗರ ಉದುರಿಸಿ ತವರ ಮುಟ್ಟಿಸಿದ ಕೂಡಲೇ ನೀರಾಗಿ ಹರಡುತ್ತೆ. ಹಾಗಾಗಿ ಒಲೆಯಿಂದ ತವರ ಹರಿದೇ ಬರುತ್ತಿತ್ತು. ಮೊದಲು ಒಲೆ ಮುಂದಿನ ಕೊರೆದ ಕಲ್ಲಿಗೆ ಇಳಿಯುತ್ತಿತ್ತು. ಅಲ್ಲಿಂದ ಸೌಟಿನಲ್ಲಿ ತೆಗೆದು ಅಚ್ಚುಕಲ್ಲಿಗೆ ಹುಯ್ಯುತ್ತಿದ್ದರು. ಫೋಟೋದಲ್ಲಿರೋದು ಆ ಅಚ್ಚುಕಲ್ಲು. ಗುಂಡಿಯ ಬದಿ ಓರೆಯಾಗಿದೆಯಾ, ಬಾಯಿ ಅಗಲ, ತಳ ಕಿರಿದು ಇದೆಯಾ ಅಂತ ಮಗನನ್ನು ಕೇಳಿ. ಆ ಓರೆ ಇಲ್ಲದಿದ್ದರೆ ಆರಿದ ತವರದ ಗಟ್ಟಿ ಮೇಲೆ ಏಳಲ್ಲ.

ಗಟ್ಟಿ ಅಲ್ಲಿಂದ ನೇರ ಮಾರುಕಟ್ಟೆಗೆ ಹೋಗುವಂತಿರಲಿಲ್ಲ. 1305ರ ರಾಜಸನ್ನದಿನ ಪ್ರಕಾರ, ಡಾರ್ಟ್‌ಮೂರ್ ಇರೋ ಸೀಮೆಯಾದ ಡೆವನ್‌ನಲ್ಲಿ ಟ್ಯಾವಿಸ್ಟಾಕ್, ಆಶ್‌ಬರ್ಟನ್, ಚಾಗ್‌ಫರ್ಡ್ ಈ ಮೂರು ಊರಿಗೇ ತರಬೇಕಿತ್ತು. 1328ರಲ್ಲಿ ಪ್ಲಿಂಪ್ಟನ್ ಸೇರಿತು. ಅಲ್ಲಿ ಗಟ್ಟಿಯ ಮೂಲೆ ಕತ್ತರಿಸಿ ಶುದ್ಧ ಪರೀಕ್ಷಿಸಿ, ಮುದ್ರೆ ಒತ್ತಿ, ಸುಂಕ ತೆಗೆದುಕೊಂಡ ಮೇಲೆ ಮಾರಾಟ. ಆ ಸುಂಕ ನಿಂತದ್ದು 1838ರಲ್ಲಿ. ಪಕ್ಕದ ಕಾರ್ನ್‌ವಾಲ್‌ನ ತಿದಿಮನೆಗಳ ಬಗ್ಗೆ 1602ರಲ್ಲಿ ಅಲ್ಲಿಯವನೇ ಆದ ರಿಚರ್ಡ್ ಕ್ಯಾರ್ಯೂ ಬರೆದ ಒಂದು ವಿಷಯ ನನಗೆ ಬಹಳ ಇಷ್ಟ. ಗಾಳಿಯ ರಭಸಕ್ಕೆ ತವರದ ಸಣ್ಣ ಕಣಗಳು ಹಾರಿ ಹುಲ್ಲಿನ ಮಾಡಿಗೆ ಸೇರಿಕೊಳ್ಳುತ್ತಿದ್ದವು. ಏಳೆಂಟು ವರ್ಷಕ್ಕೊಮ್ಮೆ ಮಾಲೀಕರು ಮನೆಯನ್ನೇ ಸುಟ್ಟು, ಬೂದಿಯಿಂದ ತವರ ತೆಗೆಯುತ್ತಿದ್ದರು. ಹೊಸ ಮನೆ ಕಟ್ಟೋ ಖರ್ಚು ಅದರಲ್ಲೇ ಹುಟ್ಟಿ ಇನ್ನೂ ಉಳಿಯುತ್ತಿತ್ತಂತೆ!

ಡೆವನ್‌ನ ತವರ 1520ರ ದಶಕದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯಿತು. 18ನೇ ಶತಮಾನದಲ್ಲಿ ಕಲ್ಲಿದ್ದಲಿನ ದೊಡ್ಡ ಒಲೆಗಳು ಬಂದ ಮೇಲೆ ಈ ಸಣ್ಣ ಮನೆಗಳಿಗೆ ಕೆಲಸ ಇಲ್ಲದಾಯಿತು. ಡಾರ್ಟ್‌ಮೂರ್ ಮೇಲೆ ಕೊನೆಗೆ ತವರ ಕರಗಿಸಿದ್ದು ಐಲ್ಸ್‌ಬ್ಯಾರೋ ಗಣಿಯಲ್ಲಿ, 1822ರಿಂದ 1831ರವರೆಗೆ.

ನಿಮ್ಮ ಬಾಣೆಯದು ತವರ ಅಂತ ನನಗೆ ಅನ್ನಿಸಲ್ಲ. ನಮ್ಮ ದೇಶದಲ್ಲಿ ತವರದ ಅದಿರು ಅಂದರೆ ಮುಖ್ಯವಾಗಿ ಛತ್ತೀಸ್‌ಗಢದ ಬಸ್ತರ್ ಸೀಮೆ. ಆದರೂ ಸುಮ್ನೆ ಊಹೆ ಬೇಡ. ಉಂಡೆಗೆ ಅಯಸ್ಕಾಂತ ಹಿಡಿದು ನೋಡಿ. ಒಂದು ಮೈಯಲ್ಲಿ ಹರಿದು ಗಟ್ಟಿಯಾದ ಗೆರೆ ಇದೆಯಾ ನೋಡಿ. ಹಳ್ಳ ಒಂದೇ ಸಮ ಇಳಿಯುತ್ತಾ, ಇಲ್ಲ ಏರಿ ಇಳಿಯುತ್ತಾ? ಗುಂಡಿ ಕೊರೆದ ಕಲ್ಲು ಏನಾದರೂ ಇದೆಯಾ? ಏನನ್ನೂ ಕೀಳಬೇಡಿ. ಜೆಸಿಬಿಯವರಿಗೆ ಈಗಲೇ ಫೋನ್ ಮಾಡಿ ಸ್ವಲ್ಪ ತಡೀರಿ ಅನ್ನಿ.

ನಾಪೋಕ್ಲು ಹುಡುಗ

ಸಿಸ್ಟರ್ ಹೇಳಿದ ಹಳ್ಳದ ವಿಷಯಕ್ಕೆ ಒಂದು ಮಾತು. ಅದು ಕಡಂಗ ಇರಬಹುದು ಅಕ್ಕ. ಹಿಂದೆ ಯುದ್ಧಕ್ಕೆ, ಗಡಿಗೆ ಅಂತ ತೋಡಿದ ಕಂದಕ. ಕೊಡಗಿನ ತುಂಬ ಇವೆ. ವಿರಾಜಪೇಟೆ ಹತ್ತಿರ ಅದೇ ಹೆಸರಿನ ಊರೇ ಇದೆಯಲ್ವಾ. ಕಡಂಗ ಆದರೆ ತೋಡಿದ ಮಣ್ಣನ್ನು ಒಂದು ಬದಿಗೆ ದಿಬ್ಬ ಹಾಕಿರುತ್ತಾರೆ. ಗುಡ್ಡ ಬಂದರೆ ಗುಡ್ಡ ಹತ್ತುತ್ತೆ, ತಗ್ಗು ಬಂದರೆ ಇಳಿಯುತ್ತೆ. ನೀರಿನ ಕಾಲುವೆ ಹಾಗೆ ಹತ್ತೋಕಾಗಲ್ಲ. ನಮ್ಮ ತೋಟದ ಅಂಚಿನಲ್ಲೂ ಒಂದಿದೆ, ಅರ್ಧ ಮುಚ್ಚಿ ಹೋಗಿದೆ. ಹಿರಿಯರು ಇದ್ದಾಗಲೇ ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿ ಬರೆದಿಡಿ.

ಶಾಂತಳ್ಳಿ ತೋಟ

ಬೆಳಿಗ್ಗೆ ನಾನೂ ಯಜಮಾನರೂ ಹೋಗಿ ನೋಡಿ ಬಂದೆವು. ಹಳ್ಳ ಏರಿ ಇಳಿಯುತ್ತೆ, ಕೆಳಬದಿಗೆ ಮಣ್ಣಿನ ದಿಬ್ಬ ಇದೆ. ಕಡಂಗವೇ ಸರಿ. ಹಳೇ ಸ್ಪೀಕರಿನ ಅಯಸ್ಕಾಂತ ತಗೊಂಡು ಹೋಗಿದ್ದೆ. ಉಂಡೆಗೆ ಹಿಡಿದರೆ ಮೆಲ್ಲಗೆ ಎಳೆಯುತ್ತೆ, ಗಟ್ಟಿಯಾಗಿ ಕಚ್ಚಲ್ಲ. ಕೆಲವು ಉಂಡೆಯ ಮೇಲ್ಮೈಯಲ್ಲಿ ಹರಿದ ಗೆರೆ ಚೆನ್ನಾಗಿ ಕಾಣುತ್ತೆ, ಅಡಿ ಒರಟು, ಅದಕ್ಕೆ ಮಣ್ಣು ಮೆತ್ತಿದೆ. ಗುಂಡಿ ಕೊರೆದ ಕಲ್ಲು ಒಂದೂ ಸಿಗಲಿಲ್ಲ. ಹತ್ತಿರದಲ್ಲಿ ತೊರೆಯೂ ಇಲ್ಲ.

ಮಗನಿಗೂ ಕೇಳಿದೆ. ಆ ಗುಂಡಿಯ ಬದಿ ಓರೆಯೇ ಅಂತೆ. ಫೋಟೋ ದೊಡ್ಡದು ಮಾಡಿದರೆ ನನಗೂ ಕಂಡಿತು.

ಮಡಿಕೇರಿ ಸಿಸ್ಟರ್

ಹಾಗಾದರೆ ನಿಮ್ಮದು ಕಬ್ಬಿಣದ ಕಿಟ್ಟ ಅಕ್ಕ. ಬಹುಪಾಲು ಖಂಡಿತ. ಅಚ್ಚುಕಲ್ಲು ಸಿಗದೇ ಇದ್ದದ್ದೂ ಅದಕ್ಕೆ ಹೊಂದುತ್ತೆ. ಕಬ್ಬಿಣ ಕರಗೋಕೆ 1538 ಡಿಗ್ರಿ ಬೇಕು. ಹಳೇ ಮಣ್ಣಿನ ಒಲೆಗಳಲ್ಲಿ ಅಷ್ಟು ಕಾವು ಬರುತ್ತಿರಲಿಲ್ಲ. ಒಳಗೆ ಕಿಟ್ಟ ಮಾತ್ರ ಕರಗಿ ಹರಿದು ಹೊರಗೆ ಬರುತ್ತಿತ್ತು, ಕಬ್ಬಿಣ ಮೆತ್ತಗಿನ ಮುದ್ದೆಯಾಗಿ ಒಲೆಯಲ್ಲೇ ಉಳಿಯುತ್ತಿತ್ತು. ಅದನ್ನು ಇಕ್ಕುಳದಲ್ಲಿ ಎಳೆದು ಬಡಿದು ಕಿಟ್ಟ ಬಿಡಿಸಬೇಕು. ಹುಯ್ಯೋ ಪ್ರಶ್ನೆಯೇ ಇಲ್ಲ, ಅಚ್ಚು ಯಾಕೆ ಬೇಕು? ನೀರೂ ಬೇಕಿರಲಿಲ್ಲ. 1800-01ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಇಂಥ ಒಲೆಗಳು ಇನ್ನೂ ಉರಿಯುತ್ತಿದ್ದವು. ಗಾಳಿ ಹಾಕುತ್ತಿದ್ದದ್ದು ಚರ್ಮದ ತಿದಿಯಿಂದ, ಮನುಷ್ಯರೇ.

ಡಾರ್ಟ್‌ಮೂರಿನಲ್ಲಿ ಗ್ರಾನೈಟು ಕೊರೆದು ಕೆಲಸ ಮಾಡಿದರು, ಅದು ಉಳಿಯಿತು. 1951ರಿಂದ ಅದು ರಾಷ್ಟ್ರೀಯ ಉದ್ಯಾನ, ನೋಡಿಕೊಳ್ಳೋರಿದ್ದಾರೆ. ನಮ್ಮವರು ಮಣ್ಣಿನಲ್ಲಿ ಒಲೆ ಕಟ್ಟಿದರು. ಉಳಿದದ್ದು ಕಿಟ್ಟ ಅಷ್ಟೇ. ಜೆಸಿಬಿ ಒಂದು ಸಲ ಕೆರೆದರೆ ಒಲೆ ಎಲ್ಲಿತ್ತು ಅನ್ನೋದೂ ಹೋಗುತ್ತೆ. ದಯವಿಟ್ಟು ಬೇಲಿಯನ್ನು ಸ್ವಲ್ಪ ಕೆಳಗೆ ಸರಿಸಿ.

ಇನ್ನೊಂದು ಹುಡುಕಿ. ತಿದಿಯ ಗಾಳಿ ಒಲೆಯೊಳಗೆ ಹೋಗಲು ಸುಟ್ಟಮಣ್ಣಿನ ಕೊಳವೆ ಇಡುತ್ತಿದ್ದರು. ಅದರ ಚೂರು ಸಿಕ್ಕರೆ ಒಲೆ ಅಲ್ಲೇ ಹತ್ತಿರ ಅಂತ ಅರ್ಥ. ಸಿಕ್ಕ ಜಾಗದಲ್ಲೇ ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಂಗೆ ಹೋಗಿ ತೋರಿಸೋಣ, ನಾನೂ ಬರುತ್ತೇನೆ.

ಶಾಂತಳ್ಳಿ ತೋಟ

ಸಿಸ್ಟರ್, ಕೊಳವೆ ಸಿಕ್ಕಿತು! ಕೆಲಸದ ಹುಡುಗ ಕಂಡು ಕರೆದ. ಬೆರಳುದ್ದದ ಚೂರು, ನಡುವೆ ತೂತು. ಒಂದು ತುದಿ ಕೆಂಪು ಮಣ್ಣು, ಇನ್ನೊಂದು ತುದಿ ಬೆಂದು ಹಸಿರು ಗಾಜಾಗಿದೆ. ಸ್ಕೇಲು ಇರಲಿಲ್ಲ, ಮಗಳ ಪೆನ್ಸಿಲ್ ಇಟ್ಟು ಫೋಟೋ ತೆಗೆದಿದ್ದೇನೆ. ಚೂರನ್ನು ಅಲ್ಲೇ ಬಿಟ್ಟು ಸುತ್ತ ನಾಲ್ಕು ಗೂಟ ಹೊಡೆದೆವು. ಬೇಲಿ ಕಾಫಿ ಗಿಡದ ಸಾಲಿಗೆ ಇಳಿಸೋಕೆ ಯಜಮಾನರು ಒಪ್ಪಿದ್ದಾರೆ. ಮುಂದಿನ ವಾರ ಮಡಿಕೇರಿಗೆ ಬರುತ್ತೇವೆ, ನಿಮಗೆ ಯಾವ ದಿನ ಬಿಡುವು ಹೇಳಿ.