ಅಪ್‌ಡೇಟ್: ಎದೆಹಾಲು ಸಾಲುತ್ತಿದೆಯೇ ಅಂತ ಕೇಳಿದ್ದೆ

ಎರಡು ವಾರದ ಮಗು ಸಂಜೆಯಾದರೆ ಎದೆ ಬಿಡೋದೇ ಇಲ್ಲ, ಪುಡಿ ಹಾಲು ಶುರು ಮಾಡಬೇಕೇ ಅಂತ ಕೇಳಿದ್ದೆ. ಬೇಕಾಗಲಿಲ್ಲ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಅಳುವನ್ನಲ್ಲ, ಒದ್ದೆ ಬಟ್ಟೆ ಎಣಿಸಿ ಅಂದಿರಲ್ಲ, ಅದೇ ಸರಿಯಾದ ಅಳತೆ. ಐದನೇ ದಿನದ ನಂತರ 24 ಗಂಟೆಗೆ ಕನಿಷ್ಠ 6 ಸಲ ತಿಳಿ ಮೂತ್ರ, ದಿನಕ್ಕೆ ಸರಾಸರಿ 20–30 ಗ್ರಾಂ ತೂಕ ಏರಿಕೆ ಇದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಸಂಜೆ ಮೇಲಿಂದ ಮೇಲೆ ಕುಡಿಯುವುದು ಈ ವಯಸ್ಸಿಗೆ ಸಹಜ.

ತೊಂದರೆ ಇದ್ದದ್ದು ಬಾಯಿಯ ಹಿಡಿತದಲ್ಲಿ. ತೊಟ್ಟಿನ ತುದಿಯನ್ನಷ್ಟೇ ಚೀಪಿದರೆ ಹಾಲು ಸರಿಯಾಗಿ ಇಳಿಯೋದಿಲ್ಲ, ತೊಟ್ಟೂ ಬಿರಿಯುತ್ತೆ. ಮಗುವಿನ ಹೊಟ್ಟೆ ತಾಯಿಯ ಮೈಗೆ ತಾಗಿರಲಿ, ಮೂಗು ತೊಟ್ಟಿನ ನೇರಕ್ಕಿರಲಿ. ಬಾಯಿ ಆಕಳಿಕೆಯಷ್ಟು ಅಗಲವಾದಾಗಲೇ ಹತ್ತಿರ ತಂದುಕೊಳ್ಳಿ. ಗದ್ದ ಎದೆಗೆ ಒತ್ತಿ, ಕೆಳತುಟಿ ಹೊರಕ್ಕೆ ಮಡಚಿರಬೇಕು. ನೋವು ನಿಲ್ಲದಿದ್ದರೆ ಎಳೆಯಬೇಡಿ. ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ಮನೆಯ ಹಿರಿಯರು ಎಷ್ಟೇ ಅಕ್ಕರೆಯಿಂದ ಹೇಳಿದರೂ ವರ್ಷ ತುಂಬುವವರೆಗೆ ಜೇನು ನೆಕ್ಕಿಸಲೇಬೇಡಿ, ಬಾಟ್ಯುಲಿಸಂ (ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಕೂಸುಗಳಿಗೆ ಬರುವ ಗಂಭೀರ ಕಾಯಿಲೆ) ಅಪಾಯವಿದೆ. ಮೂತ್ರ ಕಡಿಮೆಯಾದರೆ, ಹಾಲಿಗೂ ಏಳದಷ್ಟು ಮಂಪರಿದ್ದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.