ಪಿಲಿಕುಳ ನೋಡಲು ಬರುವವರು ಮಂಗಳೂರಿನಲ್ಲಿ ಎಲ್ಲಿ ಕೋಣೆ ಹಿಡಿಯುವುದು ಒಳ್ಳೆಯದು?

ಪ್ರಶ್ನೆ: ಹಾವೇರಿಯಿಂದ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ನಾನು, ನನ್ನ ಹೆಂಡತಿ, ಒಂಬತ್ತು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು ಹಾಗೂ ಮಂಡಿನೋವಿರುವ ನನ್ನ ತಾಯಿ, ಹೀಗೆ ಐದು ಜನ ಮಂಗಳೂರಿಗೆ ಬರುವವರಿದ್ದೇವೆ. ಮಕ್ಕಳಿಗಾಗಿ ಒಂದು ದಿನ ಪಿಲಿಕುಳದ ಮಾನಸ ವಾಟರ್ ಪಾರ್ಕ್, ಇನ್ನೊಂದು ದಿನ ಅಲ್ಲಿಯದೇ ಮೃಗಾಲಯ ಮತ್ತು ತಾರಾಲಯ ಎಂದು ಯೋಚಿಸಿದ್ದೇವೆ. ನಮ್ಮಲ್ಲಿ ಕಾರಿಲ್ಲ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಜಾವ ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಇಳಿಯುತ್ತೇವೆ. ಎರಡು ರಾತ್ರಿ ಉಳಿಯಬೇಕು. ಐವರಿಗೂ ಸೇರಿ ರಾತ್ರಿಯೊಂದಕ್ಕೆ 2,500 ರೂಪಾಯಿ ಮೀರಿದರೆ ನಮಗೆ ಕಷ್ಟವಾಗುತ್ತದೆ.

ಮೊಬೈಲಿನಲ್ಲಿ ಹುಡುಕಿದಾಗ ಎಲ್ಲ ಕೋಣೆಗಳೂ ಪಾರ್ಕಿಗೆ ಹತ್ತಿರವೆಂದೇ ಕಾಣಿಸುತ್ತವೆ. ಹಿಂದೊಮ್ಮೆ ಬೇರೊಂದು ಊರಿನಲ್ಲಿ ಆ ಮಾತನ್ನೇ ನಂಬಿ ಮುಂಗಡ ಕೊಟ್ಟಿದ್ದೆವು. ಪಾರ್ಕು ಹತ್ತಿರವೇ ಇತ್ತು, ಆದರೆ ಸಂಜೆ ಏಳರ ಮೇಲೆ ಸುತ್ತಮುತ್ತ ಊಟಕ್ಕೆ ಒಂದು ಖಾನಾವಳಿಯೂ ಇರಲಿಲ್ಲ. ಅಮ್ಮ ಆ ರಾತ್ರಿ ಬಿಸ್ಕತ್ತು ತಿಂದು ಮಲಗಿದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಆದ್ದರಿಂದ ಊರಿನವರ ಅಭಿಪ್ರಾಯ ಕೇಳುತ್ತಿದ್ದೇನೆ.

ಉತ್ತರ: ಬಿಕರ್ನಕಟ್ಟೆ ನಿವಾಸಿ

ನಮಸ್ಕಾರ. ಪಿಲಿಕುಳವು ನಗರದ ಮಧ್ಯಭಾಗದಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿ, ವಾಮಂಜೂರಿನಿಂದ ಒಳಕ್ಕೆ ಮೂಡುಶೆಡ್ಡೆಯಲ್ಲಿ ಉಂಟು. ಪಾರ್ಕಿನ ಬಾಗಿಲಿಗೆ ಹತ್ತಿರವಾಗಿ ಉಳಿಯಬೇಕೆಂಬ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಕಾರಿಲ್ಲದೆ, ವಯಸ್ಸಾದ ತಾಯಿಯವರನ್ನೂ ಮಕ್ಕಳನ್ನೂ ಕರೆದುಕೊಂಡು ಬರುವವರಿಗೆ ಹಗಲಿನ ಪಾರ್ಕಿಗಿಂತ ರಾತ್ರಿಯ ಊಟ, ಔಷಧಿ ಅಂಗಡಿ ಮತ್ತು ರಿಕ್ಷಾ ನಿಲ್ದಾಣ ಹತ್ತಿರವಿರುವುದೇ ಮುಖ್ಯ.

ಇಲ್ಲಿ ಕಿಲೋಮೀಟರ್ ಲೆಕ್ಕಕ್ಕಿಂತ ದಾರಿಯ ಲೆಕ್ಕ ದೊಡ್ಡದು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಬಸ್ಸುಗಳು ಹಂಪನಕಟ್ಟೆ, ಜ್ಯೋತಿ, ಮಲ್ಲಿಕಟ್ಟೆ ದಾಟಿ ನಂತೂರಿಗೆ ಬಂದು, ಅಲ್ಲಿಂದ ಬಿಕರ್ನಕಟ್ಟೆ, ಕುಲಶೇಖರದ ಮೂಲಕ ವಾಮಂಜೂರಿಗೆ ಹೋಗುತ್ತವೆ. ನಂತೂರು ಹೆದ್ದಾರಿಗಳು ಕೂಡುವ ಜಂಕ್ಷನ್. ಬೆಳಿಗ್ಗೆ ಶಾಲೆ-ಕಚೇರಿಯ ಹೊತ್ತಿನಲ್ಲಿ ಮತ್ತು ಸಂಜೆ ಅಲ್ಲಿ ನಿಂತ ವಾಹನ ನಿಂತೇ ಇರುತ್ತದೆ. ಹಂಪನಕಟ್ಟೆಯಲ್ಲಿ ಕೋಣೆ ಅಗ್ಗಕ್ಕೆ ಸಿಕ್ಕರೂ ದಿನಕ್ಕೆ ಎರಡು ಬಾರಿ ಊರಿನ ಅಷ್ಟೂ ಪೇಟೆಯನ್ನು ದಾಟಬೇಕಾಗುತ್ತದೆ. ಆದ್ದರಿಂದ ಕದ್ರಿ, ಮಲ್ಲಿಕಟ್ಟೆ ಅಥವಾ ಬಿಜೈ ಕಡೆ ಹುಡುಕಿ. ಬಿಜೈಯಿಂದಾದರೆ ಕೆಪಿಟಿ, ಯೆಯ್ಯಾಡಿ, ಬೋಂದೆಲ್, ಪಚ್ಚನಾಡಿ ಮಾರ್ಗವಾಗಿ ನಂತೂರನ್ನು ಮುಟ್ಟದೆಯೇ ವಾಮಂಜೂರು ತಲುಪಬಹುದು. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ನೇತ್ರಾವತಿ ಹೋಟೆಲು ಕದ್ರಿ ಗುಡ್ಡದ ಮೇಲಿದೆ. ನಿಮ್ಮ ದಿನಾಂಕಕ್ಕೆ ಕೋಣೆ ಇದೆಯೇ ಎಂದು ಮೊದಲು ಅಲ್ಲಿ ವಿಚಾರಿಸಿ.

ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುವ ಸರ್ವಿಸ್ ಬಸ್ಸುಗಳೂ ವಾಮಂಜೂರಿನ ಮೇಲೆಯೇ ಹೋಗುತ್ತವೆ. ವಾಮಂಜೂರಿನಲ್ಲಿ ಇಳಿದು ರಿಕ್ಷಾ ಹಿಡಿದರೆ ಪಿಲಿಕುಳ ಸ್ವಲ್ಪವೇ ದೂರ.

ದಿನಾಂಕದ ಬಗ್ಗೆ ಎರಡು ಮಾತು. ಮೃಗಾಲಯಕ್ಕೆ ಸೋಮವಾರ ರಜೆ. ಇನ್ನು, ವಿಜಯದಶಮಿಯ ರಾತ್ರಿ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ ಮೆರವಣಿಗೆ ಮಣ್ಣಗುಡ್ಡ, ಲೇಡಿಹಿಲ್, ಲಾಲ್‌ಬಾಗ್, ಕೆ.ಎಸ್. ರಾವ್ ರಸ್ತೆ, ಹಂಪನಕಟ್ಟೆಯ ಮೂಲಕ ಸಾಗಿ ಬೆಳಗಿನವರೆಗೂ ನಡೆಯುತ್ತದೆ. ಆ ದಿನಗಳಲ್ಲಿ ಪೇಟೆಯ ಕೋಣೆಗಳು ಬಹಳ ಮೊದಲೇ ತುಂಬಿರುತ್ತವೆ, ಮೆರವಣಿಗೆಯ ದಾರಿಗೆ ರಿಕ್ಷಾ ಬರುವುದಿಲ್ಲ. ಹುಲಿವೇಷ, ಟ್ಯಾಬ್ಲೊ ನೋಡುವ ಇಚ್ಛೆಯಿದ್ದರೆ ಅದಕ್ಕಾಗಿಯೇ ಬನ್ನಿ, ಅದು ಕಣ್ತುಂಬ ನೋಡಬೇಕಾದದ್ದೇ. ಪಾರ್ಕೇ ಉದ್ದೇಶವಾದರೆ ರಜೆಯ ಬೇರೆ ದಿನಗಳನ್ನು ಆರಿಸಿಕೊಳ್ಳಿ.

ಉತ್ತರ: ಹಿಂದೆ ಲಾಡ್ಜಿನಲ್ಲಿ ಕೆಲಸ ಮಾಡಿದವನು

ಮೇಲಿನವರು ಸ್ಥಳದ ಬಗ್ಗೆ ಬರೆದದ್ದು ಸರಿಯಾಗಿದೆ. ನಾನು ಹನ್ನೊಂದು ವರ್ಷ ಮಂಗಳೂರಿನ ಲಾಡ್ಜಿನ ಕೌಂಟರಿನಲ್ಲಿ ಕುಳಿತವನು. ಹಣ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಹೇಳುತ್ತೇನೆ.

ನೀವು ಬೆಳಗಿನ ಜಾವ ಇಳಿಯುತ್ತೀರಿ, ಮುಖ್ಯ ತೊಡಕು ಇರುವುದು ಅಲ್ಲಿಯೇ. ಮಧ್ಯಾಹ್ನ ಹನ್ನೆರಡಕ್ಕೆ ದಿನ ಬದಲಾಗುವ ಹೋಟೆಲಿನಲ್ಲಿ ಬೆಳಿಗ್ಗೆ ಆರಕ್ಕೆ ಕೋಣೆ ಕೇಳಿದರೆ ಹಿಂದಿನ ದಿನದ ಬಾಡಿಗೆಯನ್ನೂ ಸೇರಿಸಬಹುದು, ಆಗ ನಿಮ್ಮ ಎರಡು ರಾತ್ರಿ ಮೂರಾಗುತ್ತದೆ. ಇಪ್ಪತ್ತನಾಲ್ಕು ಗಂಟೆಯ ಲೆಕ್ಕವಿರುವ ಲಾಡ್ಜುಗಳಲ್ಲಿ ನೀವು ಕೀಲಿ ಪಡೆದ ಹೊತ್ತಿನಿಂದ ದಿನ ಶುರುವಾಗುತ್ತದೆ. ಆದರೆ ಅಲ್ಲಿಯೂ ಒಂದು ವಿಷಯವನ್ನು ಗಮನಿಸಬೇಕು: ಆರು ಗಂಟೆಗೆ ಒಳಗೆ ಬಂದವರು ಮೂರನೆಯ ದಿನ ಆರಕ್ಕೇ ಬಿಡಬೇಕಾಗುತ್ತದೆ. ನೀವು ಎರಡನೆಯ ದಿನ ರಾತ್ರಿಯೇ ಬಸ್ಸು ಹಿಡಿಯುವುದಾದರೆ ಎರಡು ದಿನದ ಬಾಡಿಗೆಯಲ್ಲಿ ಬೆಳಿಗ್ಗೆಯ ಸ್ನಾನವೂ ಸಂಜೆಯ ವಿಶ್ರಾಂತಿಯೂ ಸಿಕ್ಕಿ, ನಡುವೆ ಉಳಿಯುವುದು ಒಂದೇ ರಾತ್ರಿಯಾದರೂ ನಿಮ್ಮ ಎರಡೂ ಕಾರ್ಯಕ್ರಮ ಮುಗಿಯುತ್ತದೆ.

ಐವರಿಗೆ ಎರಡು ಕೋಣೆಗಿಂತ ನಾಲ್ಕು ಮಂಚದ ಒಂದು ಕೋಣೆ, ಜೊತೆಗೆ ಒಂದು ಹೆಚ್ಚುವರಿ ಹಾಸಿಗೆ ಸಾಮಾನ್ಯವಾಗಿ ಅಗ್ಗ. ಹಾಸಿಗೆಗೆ ಎಷ್ಟು, ಮಕ್ಕಳಿಗೆ ಯಾವ ವಯಸ್ಸಿನವರೆಗೆ ಉಚಿತ ಎಂಬುದನ್ನು ಫೋನಿನಲ್ಲಿಯೇ ಕೇಳಿ, ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಬಾಡಿಗೆ ತೆರಿಗೆ ಸೇರಿ ಹೇಳಿದ್ದೋ ಅಲ್ಲವೋ ಎಂದೂ ಕೇಳಿ; ರಾತ್ರಿಗೆ 7,500 ರೂಪಾಯಿವರೆಗಿನ ಕೋಣೆಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಹಳೆಯ ದರವನ್ನು ಯಾರಾದರೂ ಹಾಕಿದರೆ ಪ್ರಶ್ನಿಸುವ ಹಕ್ಕು ನಿಮಗಿದೆ. ಲಿಫ್ಟ್ ಇದೆಯೇ ಎಂದು ಕೇಳಿದರೆ ಸಾಲದು. ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು ಎಂದು ಕೇಳಿ. ಗುಡ್ಡದ ಊರಾದ್ದರಿಂದ ಹಲವು ಕಟ್ಟಡಗಳಲ್ಲಿ ರಸ್ತೆಯಿಂದ ಕೌಂಟರಿಗೇ ಎಂಟು-ಹತ್ತು ಮೆಟ್ಟಿಲಿರುತ್ತವೆ. ಶೌಚಾಲಯ ಕಮೋಡ್ ಇರುವುದೇ ಬೇಕೆಂದು ತಾಯಿಯವರ ಸಲುವಾಗಿ ಖಚಿತಪಡಿಸಿಕೊಳ್ಳಿ.

ಉತ್ತರ: ಕಂಕನಾಡಿಯಿಂದ

ನನ್ನದೊಂದು ಬೇರೆ ಸಲಹೆ. ಕಂಕನಾಡಿಯಲ್ಲಿ ಮತ್ತು ಅಂಬೇಡ್ಕರ್ ವೃತ್ತದ (ಜ್ಯೋತಿ) ಸುತ್ತ ದೊಡ್ಡ ಆಸ್ಪತ್ರೆಗಳಿರುವುದರಿಂದ ರೋಗಿಗಳ ಕಡೆಯವರಿಗಾಗಿಯೇ ನಡೆಯುವ ಲಾಡ್ಜುಗಳಿವೆ. ಅವು ನೋಡಲು ಸಾಮಾನ್ಯ, ಆದರೆ ರಾತ್ರಿ ಗಲಾಟೆ ಇರುವುದಿಲ್ಲ, ಬಿಸಿನೀರು ಸಿಗುತ್ತದೆ, ಹತ್ತಿರದಲ್ಲಿ ಗಂಜಿ, ಇಡ್ಲಿ ಸಿಗುವ ಸಸ್ಯಾಹಾರಿ ಹೋಟೆಲುಗಳು ತಡರಾತ್ರಿಯವರೆಗೆ ತೆರೆದಿರುತ್ತವೆ. ನನ್ನ ಅತ್ತೆಯವರು ಊರಿನಿಂದ ಬಂದಾಗಲೆಲ್ಲ ನಾವು ಅಲ್ಲಿಯೇ ಕೋಣೆ ಮಾಡಿಕೊಡುವುದು. ನಂತೂರಿನ ತೊಂದರೆ ನಿಮಗೆ ತಪ್ಪುವುದಿಲ್ಲ, ಅದು ನಿಜ. ಆದರೆ ಬೆಳಿಗ್ಗೆ ಎಂಟಕ್ಕೆ ಮೊದಲೇ ಹೊರಟರೆ ಅಷ್ಟು ಕಷ್ಟವಿಲ್ಲ.

ಮೃಗಾಲಯ ವಿಶಾಲವಾಗಿದೆ. ತಾಯಿಯವರಿಗಾಗಿ ಬ್ಯಾಟರಿ ವಾಹನದ ವ್ಯವಸ್ಥೆಯನ್ನು ಟಿಕೆಟ್ ಕೌಂಟರಿನಲ್ಲಿ ವಿಚಾರಿಸಿ, ಅಥವಾ ಅವರನ್ನು ನೇರವಾಗಿ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಕರೆದೊಯ್ಯಿರಿ. 2018ರಲ್ಲಿ ಆರಂಭವಾದ ಆ ತ್ರೀಡಿ ತಾರಾಲಯದಲ್ಲಿ ತಂಪಾಗಿ ಕುಳಿತು ನೋಡಬಹುದು. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಮಳೆ ಬರುವುದುಂಟು. ನೀರಾಟವನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ, ಹೊರಡುವ ಮುನ್ನ ಪಾರ್ಕಿಗೆ ಫೋನು ಮಾಡಿ ಸಮಯ ತಿಳಿದುಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ಹಾವೇರಿ

ಇಷ್ಟು ವಿವರವಾಗಿ ಬರೆದ ಮೂವರಿಗೂ ಮನಸಾರೆ ಧನ್ಯವಾದಗಳು. ಪ್ರಯಾಣವನ್ನು ವಿಜಯದಶಮಿ ಕಳೆದ ಮೇಲಿನ ಬುಧವಾರ, ಗುರುವಾರಕ್ಕೆ ಬದಲಿಸಿದ್ದೇವೆ. ಬಿಜೈಯಲ್ಲಿ ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿ ಇಪ್ಪತ್ತನಾಲ್ಕು ಗಂಟೆಯ ಲೆಕ್ಕದ ನಾಲ್ಕು ಮಂಚದ ಕೋಣೆ, ಹೆಚ್ಚುವರಿ ಹಾಸಿಗೆ ಮತ್ತು ತೆರಿಗೆ ಸೇರಿ ದಿನಕ್ಕೆ 2,300 ರೂಪಾಯಿಗೆ ಒಪ್ಪಿದ್ದಾರೆ. ಮೆಟ್ಟಿಲು ಎಷ್ಟೆಂದು ಕೇಳಿದಾಗ ಆ ಕಡೆಯವರು ಫೋನು ಹಿಡಿದುಕೊಂಡೇ ಹೊರಗೆ ಹೋಗಿ ಎಣಿಸಿ ಮೂರು ಎಂದರು. ಮೂರಾದರೆ ಹತ್ತುತ್ತೇನೆ ಎಂದು ಅಮ್ಮ ಹೇಳಿದ್ದಾರೆ.